ಗ್ರಾಮಾಭ್ಯುದಯವೂ ಅಂತರ್ಜಾಲವೂ

(ಶ್ರೀಮಠದ ಸುವರ್ಣಮಹೋತ್ಸವದ ಅಂಗವಾಗಿ ಕೂಡಿದ ಗ್ರಾಮಾಭ್ಯುದಯ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ಪಾಠಶಾಲೆಯಲ್ಲಿ ಶಬ್ದಮಣಿದರ್ಪಣವನ್ನೂ ತರ್ಕಸಂಗ್ರಹವನ್ನೂ ಹೇಳಿಕೊಡುವವನಿಗೆ ಬ್ರಾಡ್‌ಬ್ಯಾಂಡಿನ ಗೊಡವೆ ಏತಕ್ಕೆಂದು ನಿಮ್ಮಲ್ಲಿ ಕೆಲವರು ಮುಗುಳುನಗುತ್ತಿರಬಹುದು. ವಿಷಯವು ಬರಿಯ ಯಂತ್ರಶಾಸ್ತ್ರದ್ದಾಗಿದ್ದರೆ ನಾನು ಒಲ್ಲೆನೆನ್ನುತ್ತಿದ್ದೆನು. ಆದರೆ ಇದನ್ನು ಓದುತ್ತ, ಬಲ್ಲವರನ್ನು ಕೇಳುತ್ತ ಹೋದಂತೆ, ಇಲ್ಲಿಯ ತೊಡಕುಗಳಲ್ಲಿ ಅರ್ಧದಷ್ಟು ಶಬ್ದಾರ್ಥದ ತೊಡಕುಗಳು, ಉಳಿದರ್ಧ ಕೆರೆಕಾಲುವೆಗಳ ತೊಡಕುಗಳು ಎಂಬದು ತಿಳಿದುಬಂತು. ಮೊದಲನೆಯದು ನನ್ನ ಕಸಬು. ಎರಡನೆಯದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ತರ್ಕಶಾಸ್ತ್ರದಲ್ಲಿ ವಸ್ತುವಿನ ಲಕ್ಷಣವನ್ನು ಹೇಳುವಾಗ ಮೂರು ದೋಷಗಳನ್ನು ತಪ್ಪಿಸಬೇಕಾಗುತ್ತದೆ: ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ. ಆಕಳೆಂದರೆ ಕಪಿಲವರ್ಣದ್ದು ಎಂದರೆ ಬಿಳಿಯ ಆಕಳು ಹೊರಗುಳಿಯಿತು. ಕೋಡುಳ್ಳದ್ದು ಎಂದರೆ ಎಮ್ಮೆಯೂ ಒಳಹೊಕ್ಕಿತು. ಒಂದೇ ಗೊರಸಿನದು ಎಂದರೆ ಲೋಕದಲ್ಲಿ ಆಕಳೇ ಇಲ್ಲದಾಯಿತು. ಈಗ ಬ್ರಾಡ್‌ಬ್ಯಾಂಡಿನ ಲಕ್ಷಣವನ್ನು ನೋಡೋಣ. 2004ನೆಯ ಇಸವಿಯಲ್ಲಿ ಭಾರತ ಸರಕಾರದವರು ಹೊರಡಿಸಿದ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ವೇಗವುಳ್ಳ ಸಂಪರ್ಕವನ್ನು ಬ್ರಾಡ್‌ಬ್ಯಾಂಡ್ ಎಂದರು. 2013ರಲ್ಲಿ ಅದನ್ನು 512ಕ್ಕೆ ಏರಿಸಿದರು. 2023ರಲ್ಲಿ 2 ಮೆಗಾಬಿಟ್ ಎಂದು ತಿದ್ದಿದರು. ಅಂದರೆ 2022ರಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿದ್ದ ಎಷ್ಟೋ ಸಂಪರ್ಕಗಳು ಮರುವರ್ಷ ಆ ಹೆಸರನ್ನು ಕಳೆದುಕೊಂಡವು, ತಂತಿಯೇನೂ ಬದಲಾಗಿರಲಿಲ್ಲ. ಈ 2 ಮೆಗಾಬಿಟ್ಟೂ ಒಬ್ಬ ವಿದ್ಯಾರ್ಥಿಯು ಒಂದು ಪಾಠವನ್ನು ನೋಡುವಷ್ಟಕ್ಕೆ ಸಾಲಬಹುದು. ಮನೆಯಲ್ಲಿ ಮಕ್ಕಳಿಬ್ಬರು ಓದುತ್ತಿದ್ದು, ತಂದೆಯು ಪೇಟೆಯ ಧಾರಣೆಯನ್ನು ನೋಡಬೇಕಾದರೆ ಸಾಲದು.

ಇದಕ್ಕಿಂತಲೂ ದೊಡ್ಡ ತೊಡಕು ಇನ್ನೊಂದು ಶಬ್ದದಲ್ಲಿದೆ. ಅದು 'ಪಂಚಾಯತಿ' ಎಂಬ ಶಬ್ದ. 'ನಿಮ್ಮ ಪಂಚಾಯತಿಗೆ ಅಂತರ್ಜಾಲ ಮುಟ್ಟಿದೆ' ಎಂದು ಅಧಿಕಾರಿಗಳು ಹೇಳಿದಾಗ, ಕೇಳಿದವನು ತನ್ನ ಊರಿಗೆ ಮುಟ್ಟಿತೆಂದು ತಿಳಿಯುತ್ತಾನೆ. ಹೇಳಿದವನ ಮನಸ್ಸಿನಲ್ಲಿರುವದು ಪಂಚಾಯತಿಯ ಕಚೇರಿ. ಅದರಲ್ಲಿಯೂ ಗೋಡೆಗೆ ತೂಗುಹಾಕಿದ ಒಂದು ಪೆಟ್ಟಿಗೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯತಿಗಳು ಸುಮಾರು 6,000. 2011ರ ಜನಗಣತಿಯಂತೆ ಜನವಸತಿಯುಳ್ಳ ಹಳ್ಳಿಗಳು 27,000ಕ್ಕೂ ಮಿಕ್ಕು. ಒಂದೊಂದು ಪಂಚಾಯತಿಯಲ್ಲಿ ನಾಲ್ಕೈದು ಹಳ್ಳಿಗಳು, ಅವುಗಳ ಆಚೆಗೆ ತಾಂಡೆಗಳು, ತೋಟದ ಮನೆಗಳು. ಇವೆಲ್ಲವನ್ನು ಒಂದು ಪೆಟ್ಟಿಗೆಯಲ್ಲಿ ಅಡಗಿಸಿ 'ಮುಟ್ಟಿತು' ಎಂದರೆ ನಮ್ಮ ಪಾಠಶಾಲೆಯ ಮೊದಲ ತರಗತಿಯ ಹುಡುಗನೂ ದೋಷವನ್ನು ಹೇಳಬಲ್ಲನು.

ಇನ್ನು ಆ ತಂತಿಯು ಎಂತಹದೆಂಬದನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಯಾಕೆಂದರೆ ಅದು ನಿಜವಾಗಿಯೂ ಆಶ್ಚರ್ಯಕರವಾದ ವಸ್ತು. ಇದು ತಾಮ್ರವಲ್ಲ, ಗಾಜಿನ ಎಳೆ. ಬೆಳಕು ಹರಿಯುವ ಅದರ ಒಡಲು ನಮ್ಮ ತಲೆಗೂದಲಿನ ಹತ್ತನೆಯ ಒಂದು ಪಾಲಿನಷ್ಟು ಸೂಕ್ಷ್ಮವಾದದ್ದು. ಪಂಜಾಬದ ಮೋಗಾ ಎಂಬ ಊರಿನಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರು ತಮ್ಮ ಗುರುಗಳಾದ ಹಾಪ್ಕಿನ್ಸರೊಡನೆ ಲಂಡನ್ನಿನಲ್ಲಿ ಇಂತಹ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿ 1954ರಲ್ಲಿ ಪ್ರಕಟಿಸಿದರು. ಆ ಕಾಲದ ಗಾಜಿನಲ್ಲಿ ಬೆಳಕು ಕೆಲವೇ ಮಾರು ಹೋಗಿ ಕಂದಿಹೋಗುತ್ತಿತ್ತು. ದೋಷವು ಗಾಜಿನ ಸ್ವಭಾವದಲ್ಲಿಲ್ಲ, ಅದರೊಳಗಿನ ಕಲ್ಮಷದಲ್ಲಿದೆ ಎಂದು ಚಾರ್ಲ್ಸ್ ಕಾವೋ ಎಂಬವರು 1966ರಲ್ಲಿ ತೋರಿಸಿಕೊಟ್ಟರು; 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಬಂತು. ಈಗಿನ ಶುದ್ಧವಾದ ಎಳೆಯಲ್ಲಿ ಬೆಳಕು 15 ಕಿಲೋಮೀಟರು ನಡೆದ ಮೇಲೆಯೂ ಅರ್ಧದಷ್ಟು ಉಳಿದಿರುತ್ತದೆ. ಆದುದರಿಂದ ಹಳ್ಳಿಯು ದೂರವೆಂಬ ನೆವವನ್ನು ಗಾಜು ಹೇಳುವದಿಲ್ಲ. ನೆವಗಳೆಲ್ಲ ಮನುಷ್ಯರವು.

ಈ ಎಳೆಯನ್ನು ದೇಶದ ಎರಡೂವರೆ ಲಕ್ಷ ಗ್ರಾಮ ಪಂಚಾಯತಿಗಳಿಗೆ ಒಯ್ಯಬೇಕೆಂದು ಕೇಂದ್ರ ಸರಕಾರವು 2011ನೆಯ ಇಸವಿಯ ಅಕ್ಟೋಬರದಲ್ಲಿ ನಿಶ್ಚಯಿಸಿತು. ಮರುವರ್ಷ ರಾಜಸ್ಥಾನದ ಅರಾಂಇ, ತ್ರಿಪುರೆಯ ಪಾನಿಸಾಗರ, ವಿಶಾಖಪಟ್ಟಣದ ಬಳಿಯ ಪರವಾಡ ಎಂಬ ಮೂರು ಕಡೆಗಳಲ್ಲಿ ಪರೀಕ್ಷೆಗಾಗಿ ಕೆಲಸವನ್ನು ಮಾಡಿ ನೋಡಿದರು. 2015ರಲ್ಲಿ ಯೋಜನೆಗೆ ಭಾರತ್‌ನೆಟ್ ಎಂಬ ಹೆಸರಾಯಿತು. 2017ರ ಡಿಸೆಂಬರದ ಹೊತ್ತಿಗೆ ಮೊದಲಿನ 1 ಲಕ್ಷ ಪಂಚಾಯತಿಗಳು ಮುಗಿದುವೆಂದು ಸಾರಿದರು. ಈಗ ಆ ಎಣಿಕೆಯು 2 ಲಕ್ಷವನ್ನು ಮೀರಿದೆ. ಇದಕ್ಕೆ ಬೇಕಾದ ಹಣವು ಯಾರ ಧರ್ಮವೂ ಅಲ್ಲವೆಂಬದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಟೆಲಿಫೋನು ಕಂಪನಿಗಳು ತಮ್ಮ ಆದಾಯದಲ್ಲಿ ನೂರಕ್ಕೆ 5ರಂತೆ ಒಂದು ನಿಧಿಗೆ ಕಟ್ಟಬೇಕೆಂದು ನಿಯಮವಿದೆ. 2002ರಲ್ಲಿ ಆರಂಭವಾದ ಆ ನಿಧಿಗೆ ಈಗ ಡಿಜಿಟಲ್ ಭಾರತ ನಿಧಿ ಎಂದು ಹೆಸರು. ಕಂಪನಿಗಳ ಆದಾಯವೆಂದರೆ ನೀವು ತಿಂಗಳು ತಿಂಗಳು ಮೊಬೈಲಿಗೆ ಹಾಕಿಸುವ ದುಡ್ಡು. ಹಾಗಾಗಿ ಕುರುಬರ ಹುಡುಗನೂ ಕೂಲಿಯ ಹೆಣ್ಣುಮಗಳೂ ಇದಕ್ಕೆ ವಂತಿಗೆ ಕೊಟ್ಟವರೇ. ಕೇಳುವ ಅಧಿಕಾರವು ಅವರಿಗುಂಟು.

ಹೀಗಿರಲು ಕೆಲಸವು ಎಲ್ಲಿ ನಿಂತಿತು? ಕಚೇರಿಗೆ ಎಳೆಯನ್ನು ತಂದು, ಪೆಟ್ಟಿಗೆಯನ್ನು ಕೂಡ್ರಿಸಿ, 'ಸೇವೆಗೆ ಸಿದ್ಧ' ಎಂದು ಲೆಕ್ಕದಲ್ಲಿ ಬರೆದುಕೊಂಡರು. ಸಿದ್ಧವಾಗುವದು ಬೇರೆ, ಸೇವೆ ನಡೆಯುವದು ಬೇರೆ. ಮೊದಲಿನ ಏರ್ಪಾಟಿನಲ್ಲಿ ತಾಲೂಕಿನ ಸ್ಥಳದಿಂದ ಹೊರಟ ಎಳೆಯು ಒಂದು ಪಂಚಾಯತಿಯಿಂದ ಇನ್ನೊಂದಕ್ಕೆ ಸಾಲಾಗಿ ಹೋಗುತ್ತಿತ್ತು. ದಾರಿಯಲ್ಲಿ ಹಳೆಯ ಎಳೆಗಳಿದ್ದಲ್ಲಿ ಅವುಗಳನ್ನೇ ಬಳಸಿ, ಇಲ್ಲದ ಕಡೆಗಷ್ಟೇ ಹೊಸತನ್ನು ಹೂಳಿದರು. ರಸ್ತೆ ಅಗಲಮಾಡುವ ಜೇಸೀಬಿಯು ಒಂದು ಕಡೆಗೆ ಬಾಯಿಹಾಕಿದರೆ ಅದರಿಂದಾಚೆಯ ಊರುಗಳೆಲ್ಲ ಒಮ್ಮೆಗೇ ಕತ್ತಲೆಯಾಗುತ್ತಿದ್ದವು. ತುಂಗಭದ್ರೆಯ ಕಾಲುವೆಯ ಕೊನೆಯ ಹೊಲದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನವನು ಗದ್ದೆ ತುಂಬಿಸಿಕೊಂಡ ಮೇಲೆ ಉಳಿದರೆ ನೀರು, ಇಲ್ಲವಾದರೆ ಆಕಾಶ.

ಕಾಲುವೆಯ ಮಾತು ಬಂದದ್ದರಿಂದ ಒಂದು ಹಳೆಯ ಪಾಠವನ್ನು ನೆನಪಿಸಬೇಕು. ಸ್ವಾತಂತ್ರ್ಯಾನಂತರ ದೇಶದಲ್ಲಿ ದೊಡ್ಡ ದೊಡ್ಡ ಅಣೆಕಟ್ಟುಗಳನ್ನು ಕಟ್ಟಿದರು, ಮುಖ್ಯ ಕಾಲುವೆಗಳನ್ನು ತೋಡಿದರು. ನೀರು ಮಾತ್ರ ಹೊಲಗಳಿಗೆ ಮುಟ್ಟಲಿಲ್ಲ. ಯಾಕೆಂದರೆ ಹೊಲಗಾಲುವೆಗಳನ್ನು ಯಾರು ತೋಡಬೇಕು, ಯಾರು ಕಾಯಬೇಕು ಎಂಬದನ್ನು ಯಾರೂ ಬರೆದಿಟ್ಟಿರಲಿಲ್ಲ. ಕಡೆಗೆ 1974ರ ಸುಮಾರಿಗೆ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಎಂಬ ಬೇರೆ ಯೋಜನೆಯನ್ನೇ ಮಾಡಬೇಕಾಯಿತು. ನಮ್ಮಲ್ಲಿ ಅದಕ್ಕಾಗಿ 1980ರಲ್ಲಿ ಕಾಯಿದೆಯೂ ಆಯಿತು. ಭಾರತ್‌ನೆಟ್ಟಿನಲ್ಲಿ ಅದೇ ಕಥೆಯು ಮರಳಿ ನಡೆಯಿತು. ಕೆರೆಯನ್ನು ಕಟ್ಟಿದರು, ತೂಬನ್ನು ಇಟ್ಟರು, ಹೊಲಗಾಲುವೆಯನ್ನೂ ನೀರುಗಂಟಿಯನ್ನೂ ಮರೆತರು.

ನೀರುಗಂಟಿಯು ಎಂತಹವನೆಂದು ಈಗಿನ ಹುಡುಗರಿಗೆ ತಿಳಿಯದು. ಕೆರೆಯ ತೂಬನ್ನು ಯಾವಾಗ ತೆಗೆಯಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು, ಏರಿಯಲ್ಲಿ ಇಲಿಯು ಎಲ್ಲಿ ತೂತು ಕೊರೆದಿದೆ ಎಂಬದೆಲ್ಲ ಅವನ ಕಣ್ಣಿನಲ್ಲಿರುತ್ತಿತ್ತು. ಸುಗ್ಗಿಯಲ್ಲಿ ಅವನಿಗೆ ಪ್ರತಿಯೊಂದು ಕಣದಿಂದಲೂ ಇಂತಿಷ್ಟೆಂದು ಧಾನ್ಯ ಸಲ್ಲುತ್ತಿತ್ತು; ಬೆಳೆ ಬಂದರೆ ಅವನ ಪಾಲೂ ಬಂತು, ಬೆಳೆ ಕೆಟ್ಟರೆ ಅವನ ಪಾಲೂ ಕೆಟ್ಟಿತು. ಅದರಿಂದ ಅವನು ಮಧ್ಯರಾತ್ರಿಯಲ್ಲಿಯೂ ಏರಿಯ ಮೇಲೆ ನಡೆಯುತ್ತಿದ್ದನು. ಕಟ್ಟಿದ್ದನ್ನು ಕಾಯುವವರಿಲ್ಲದಿದ್ದರೆ ಏನಾಗುವದೆಂಬದನ್ನು ನಾವು ದೊಡ್ಡ ಪ್ರಮಾಣದಲ್ಲಿಯೂ ಕಂಡಿದ್ದೇವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟಿನ ಸರಪಳಿಯು ಕಡಿದು ಗೇಟೇ ಕೊಚ್ಚಿಹೋಯಿತಲ್ಲವೆ?

ಕೆಲವರು ಕೇಳಬಹುದು: ಮೊಬೈಲಿನ ಗೋಪುರಗಳಿರುವಾಗ ಈ ಎಳೆಯ ಉಸಾಬರಿ ಏತಕ್ಕೆ? ಗೋಪುರಗಳೂ ಬೇಕು. 2022ರಲ್ಲಿ ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ ನಾಲ್ಕನೆಯ ತಲೆಮಾರಿನ ಮೊಬೈಲು ಸೇವೆಯನ್ನು ಕೊಡಲು ಕೇಂದ್ರವು 26,316 ಕೋಟಿ ರೂಪಾಯಿಗಳನ್ನು ಮಂಜೂರುಮಾಡಿತು. ಅದು ಒಳ್ಳೆಯ ಕೆಲಸ. ಆದರೆ ಗೋಪುರದ ಬೆನ್ನಿಗೆ ಎಳೆಯಿರದಿದ್ದರೆ ಅದು ಒರತೆಯಿಲ್ಲದ ಬಾವಿಯಂತೆ. ನಾಲ್ವರು ಸೇದುವಷ್ಟರಲ್ಲಿ ತಳ ಕಾಣುತ್ತದೆ.

ಇದೆಲ್ಲವು ಇಲ್ಲದಿದ್ದರೆ ನಮಗೆ ನಷ್ಟವೇನೆಂಬ ಮಾತಿಗೆ ಬರುತ್ತೇನೆ. 2020ನೆಯ ಇಸವಿಯ ಮಾರ್ಚಿಯಲ್ಲಿ ರೋಗದ ಭಯದಿಂದ ಶಾಲೆಗಳು ಮುಚ್ಚಿದಾಗ ನಮ್ಮ ಪ್ರಸಾದನಿಲಯದ ಹುಡುಗರನ್ನು ಅವರವರ ಊರಿಗೆ ಕಳಿಸಿದೆವು. ಪಾಠವು ಮೊಬೈಲಿನಲ್ಲಿ ನಡೆಯುವದೆಂದು ಹೇಳಿದರು. ಪೇಟೆಯ ಹುಡುಗರಿಗೆ ನಡೆಯಿತು. ಹಳ್ಳಿಯ ಹುಡುಗರು ಗುಡ್ಡವನ್ನೇರಿ, ನೀರಿನ ಟಾಕಿಯನ್ನೇರಿ ಕುಳಿತರು. ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಕೆಲವು ಹಳ್ಳಿಗಳವರು ಆ ಕಾಲದಲ್ಲಿ 'ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ' ಎಂದು ಫಲಕವನ್ನೇ ಕಟ್ಟಿದರು. ಪ್ರಸಾದನಿಲಯವು ಮರಳಿ ತೆರೆದಾಗ ಪಂಕ್ತಿಯಲ್ಲಿ ಕುಳಿತವರನ್ನು ಎಣಿಸಿದೆವು; ಕೆಲವು ಎಲೆಗಳು ಖಾಲಿಯಾಗಿದ್ದವು. ಒಬ್ಬನು ಇಟ್ಟಿಗೆಯ ಭಟ್ಟಿಗೆ ಹೋಗಿದ್ದನು, ಇನ್ನೊಬ್ಬನು ಗೋವೆಗೆ. ಅವರು ಜಾಣರಲ್ಲದ ಹುಡುಗರೇನೂ ಅಲ್ಲ. ಗೋವೆಗೆ ಹೋದವನು ನನ್ನ ಸಂಧಿಪ್ರಕರಣವನ್ನು ಬಾಯಿಪಾಠ ಒಪ್ಪಿಸಿದ್ದನು.

ದಿನದಿನದ ಮಾತೂ ಹಾಗೆಯೇ. ಪಡಿತರದ ಅಂಗಡಿಯಲ್ಲಿ ಈಗ ಬೆರಳೊತ್ತಿದರೇ ಅಕ್ಕಿ. ಸಂಪರ್ಕವು ತಪ್ಪಿದ ದಿನ ಮುದುಕಿಯು ನಾಲ್ಕು ಸಲ ಬೆರಳೊತ್ತಿ, ಬರಿಯ ಚೀಲವನ್ನು ಮಡಚಿಕೊಂಡು ಮನೆಗೆ ಹೋಗುತ್ತಾಳೆ. ಮೊದಲು ಅಂತರ್ಜಾಲವಿಲ್ಲದವನು ಒಂದು ಅನುಕೂಲವನ್ನು ಕಳೆದುಕೊಳ್ಳುತ್ತಿದ್ದನು. ಈಗ ತನಗೆ ಮೊದಲೇ ಇದ್ದ ಹಕ್ಕನ್ನು ಕಳೆದುಕೊಳ್ಳುತ್ತಾನೆ. ಈ ಭೇದವನ್ನು ಯೋಜನೆ ಮಾಡುವವರು ಗಮನಿಸತಕ್ಕದ್ದು.

ವಿದ್ಯುಚ್ಛಕ್ತಿಯ ಕಾಲದಲ್ಲಿಯೂ ಹೀಗೆಯೇ ಆಯಿತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿಯನ್ನು ಎಳೆದರು; 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಏಷ್ಯಾ ಖಂಡದಲ್ಲಿಯೇ ಮೊದಲಿನ ಸಾಲಿನ ಕೆಲಸವೆಂದು ನಾವು ಹೆಮ್ಮೆಪಡುತ್ತೇವೆ, ಪಡಬೇಕಾದದ್ದೇ. ಆ ತಂತಿಯು ಯಾವ ಹಳ್ಳಿಗಳ ಹೊಲಗಳ ಮೇಲೆ ಹಾದುಹೋಯಿತೋ ಆ ಹಳ್ಳಿಗಳಲ್ಲಿ ಮಾತ್ರ ಇನ್ನೂ ಹಲವು ದಶಕಗಳ ವರೆಗೆ ಎಣ್ಣೆಯ ಹಣತೆಯೇ ಉರಿಯಿತು. ಮೊದಲು ಗಣಿಗೆ, ಆಮೇಲೆ ನಗರಕ್ಕೆ, ಕಟ್ಟಕಡೆಗೆ ಹಳ್ಳಿಗೆ ಎಂಬ ಕ್ರಮವು ಪ್ರಕೃತಿನಿಯಮವಲ್ಲ; ಯಾರೋ ಕುಳಿತು ಬರೆದದ್ದು. ಬರೆದದ್ದನ್ನು ತಿದ್ದಿ ಬರೆಯಲು ಬರುತ್ತದೆ.

ಈಗ ಸಂಪತ್ತಿನ ಮಾತು. ಅಂತರ್ಜಾಲವು ಬಂದರೆ ಹಳ್ಳಿಯಲ್ಲಿ ಹೊನ್ನಿನ ಮಳೆ ಸುರಿಯುವದೆಂದು ಕೆಲವರು ಭಾಷಣಮಾಡುತ್ತಾರೆ. ನಾನು ಅಷ್ಟು ಹೇಳಲಾರೆನು. ನಮ್ಮ ರಾಜ್ಯದಲ್ಲಿ ಭೂಮಿ ಎಂಬ ಯೋಜನೆಯಿಂದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ್ದು ದೇಶಕ್ಕೇ ಮಾದರಿಯೆನಿಸಿತು. ಗ್ರಾಮಲೆಕ್ಕಿಗನ ದಫ್ತರದ ಮುಂದೆ ಕೈಕಟ್ಟಿ ನಿಲ್ಲುವದು ತಪ್ಪಿ, 15 ರೂಪಾಯಿಗೆ ಪಹಣಿ ದೊರೆಯುವಂತಾಯಿತು. ಆದರೆ ಮೊದಲಿಗೆ ಗಣಕವು ತಾಲೂಕಿನ ಕಚೇರಿಯಲ್ಲಿಯೇ ಇದ್ದದ್ದರಿಂದ, 15 ರೂಪಾಯಿಯ ಕಾಗದಕ್ಕಾಗಿ ರೈತನು ಒಂದು ದಿನದ ಕೂಲಿಯನ್ನೂ ಬಸ್ಸಿನ ಚಾರ್ಜನ್ನೂ ಕಳೆದುಕೊಳ್ಳುತ್ತಿದ್ದನು. ಆ ಸೇವೆಯು ಊರ ಹತ್ತಿರಕ್ಕೆ ಬಂದ ಮೇಲೆಯೇ ಅವನಿಗೆ ಪೂರ್ಣವಾದ ಲಾಭವಾದದ್ದು. 2014ರಿಂದ ನಮ್ಮ ಕೃಷಿ ಮಾರುಕಟ್ಟೆಗಳಲ್ಲಿ ಗಣಕದ ಮೂಲಕ ಟೆಂಡರು ನಡೆಯುವ ಏರ್ಪಾಡು ಬಂತು. ದಲಾಲರು ವಲ್ಲಿಯ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುತ್ತಿದ್ದುದಕ್ಕಿಂತ ಇದು ಎಷ್ಟೋ ಮೇಲು. ಹಾಗೆಂದು 2024ರ ಮಾರ್ಚಿಯಲ್ಲಿ ಬ್ಯಾಡಗಿಯಲ್ಲಿ ನಡೆದದ್ದನ್ನು ಮರೆಯಬಾರದು. ಮೆಣಸಿನಕಾಯಿಯ ಬೆಲೆಯು ಒಮ್ಮೆಗೇ ಕುಸಿದದ್ದರಿಂದ ರೈತರು ರೊಚ್ಚಿಗೆದ್ದು ಮಾರುಕಟ್ಟೆಯ ಕಚೇರಿಗೆ ಬೆಂಕಿಯಿಟ್ಟರು. ಎಳೆಯು ಬೆಲೆಯನ್ನು ತೋರಿಸಬಲ್ಲದು, ಬೆಲೆಯನ್ನು ಹಿಡಿದು ನಿಲ್ಲಿಸಲಾರದು. ಅದಕ್ಕೆ ಉಗ್ರಾಣ ಬೇಕು, ಶೀತಲಗೃಹ ಬೇಕು, ರೈತರ ಕೂಟ ಬೇಕು. ಇವುಗಳನ್ನು ಬಿಟ್ಟು ಎಳೆಯೊಂದನ್ನೇ ಯೋಜಿಸುವದು ಎತ್ತಿಲ್ಲದೆ ನೊಗವನ್ನು ಕೊಂಡಂತೆ.

ಆದರೂ ಸಣ್ಣ ಕಸಬಿನವರಿಗೆ ಇದರಿಂದಾಗುವ ಉಪಕಾರವು ದೊಡ್ಡದು. ಇಲಕಲ್ಲಿನ ನೇಕಾರನು ಸೀರೆಯ ಸೆರಗಿನ ಚಿತ್ರವನ್ನು ಕಳಿಸಿ, ಕೊಳ್ಳುವವರೊಡನೆ ನೇರವಾಗಿ ಮಾತಾಡಿ, ಹಣವನ್ನು ತನ್ನ ಖಾತೆಗೇ ತರಿಸಿಕೊಳ್ಳಬಹುದಾಗಿದೆ. ನಮ್ಮ ಸ್ವಂತದ ಕ್ಷೇತ್ರದಲ್ಲಿಯೂ ನೋಡಿರಿ. ವಚನ ಸಂಚಯವೆಂಬ ತಾಣದಲ್ಲಿ 20,000ಕ್ಕೂ ಮಿಕ್ಕ ವಚನಗಳನ್ನು ಶಬ್ದಶಬ್ದವಾಗಿ ಹುಡುಕಲು ಬರುತ್ತದೆ. ಒಂದು ಶಬ್ದವು ಯಾವ ಯಾವ ಶರಣರಲ್ಲಿ ಎಷ್ಟು ಸಲ ಬಂದಿದೆಯೆಂದು ತಿಳಿಯಲು ನಮ್ಮ ಗುರುಗಳು ತಿಂಗಳುಗಟ್ಟಲೆ ಕಟ್ಟುಗಳನ್ನು ಬಿಚ್ಚುತ್ತಿದ್ದರು. ಈಗ ನಮ್ಮ ಪಾಠಶಾಲೆಯ ಹುಡುಗನು ಒಂದು ಗಳಿಗೆಯಲ್ಲಿ ತೋರಿಸುತ್ತಾನೆ, ಎಳೆಯು ನಡೆದಿದ್ದರೆ. ಸರಕಾರದವರು ಈಚೆಗೆ 'ಬೆಂಗಳೂರಿನಾಚೆ' ಎಂಬ ಘೋಷಣೆಯಿಂದ ಗಣಕೋದ್ಯಮವನ್ನು ಹುಬ್ಬಳ್ಳಿ, ಮೈಸೂರು, ಮಂಗಳೂರುಗಳಿಗೆ ಹಬ್ಬಿಸುವ ಪ್ರಯತ್ನದಲ್ಲಿದ್ದಾರೆ. ಸಂತೋಷ. ಹುಬ್ಬಳ್ಳಿಯಾಚೆಯೂ ಒಂದು ಲೋಕವಿದೆಯೆಂದು ಅವರಿಗೆ ಯಾರಾದರೂ ತಿಳಿಸಬೇಕು.

ಇನ್ನು ಮುಂದೇನು? 2023ರ ಆಗಸ್ಟಿನಲ್ಲಿ ಕೇಂದ್ರ ಸರಕಾರವು ಭಾರತ್‌ನೆಟ್ಟಿನ ತಿದ್ದಿದ ಯೋಜನೆಗೆ 1,39,579 ಕೋಟಿ ರೂಪಾಯಿಗಳನ್ನು ಒಪ್ಪಿಕೊಂಡಿತು. ಅದರಲ್ಲಿ ಮೊದಲಿನ ತಪ್ಪುಗಳಿಗೆ ಉತ್ತರವಿರುವದು ಕಾಣುತ್ತದೆ. ಎಳೆಯು ಇನ್ನು ಸಾಲಾಗಿ ಹೋಗದೆ ಬಳೆಯಾಕಾರವಾಗಿ ಸುತ್ತಿ ಬರತಕ್ಕದ್ದು; ಒಂದು ಕಡೆಗೆ ಕಡಿದರೆ ಬೆಳಕು ಇನ್ನೊಂದು ಕಡೆಯಿಂದ ಸುತ್ತಿ ಬರುವದು. ಕಟ್ಟಿದವರೇ 10 ವರ್ಷಗಳ ವರೆಗೆ ಕಾಯತಕ್ಕದ್ದು. ಪಂಚಾಯತಿಯ ಊರಲ್ಲದ ಬೇರೆ ಹಳ್ಳಿಗಳಿಗೂ ಬೇಡಿಕೆಯಿದ್ದಲ್ಲಿ ಒಯ್ಯತಕ್ಕದ್ದು. 5 ವರ್ಷಗಳಲ್ಲಿ ಒಂದೂವರೆ ಕೋಟಿ ಮನೆಗಳಿಗೆ ಸಂಪರ್ಕ. ಬೇಡಿಕೆಯಿದ್ದಲ್ಲಿ ಎಂಬ ಮಾತಿಗೆ ಗೆರೆ ಎಳೆದುಕೊಳ್ಳಿರಿ. ಬಾಯಿ ತೆರೆದು ಕೇಳದ ಊರಿಗೆ ಅದು ಬರಲಾರದು. ಮತ್ತೊಂದು ಅಂಶವು ನನಗೆ ಎಲ್ಲಕ್ಕಿಂತಲೂ ಮೆಚ್ಚುಗೆಯಾಗಿದೆ. ಊರಿನವನೇ ಒಬ್ಬನನ್ನು ಉದ್ಯಮಿಯೆಂದು ನೇಮಿಸಿಕೊಂಡು, ಮನೆಗಳಿಗೆ ಎಳೆಯನ್ನು ಕೊಡುವ, ಕೆಟ್ಟರೆ ಸರಿಪಡಿಸುವ ಕೆಲಸವನ್ನು ಅವನಿಗೆ ವಹಿಸಿ, ಬಂದ ಹಣದಲ್ಲಿ ಅರ್ಧವನ್ನು ಅವನಿಗೆ ಬಿಡುವ ಏರ್ಪಾಡು ಅದು. ನೀರುಗಂಟಿಯು ಮರಳಿ ಬಂದನೆಂದೇ ನಾನು ತಿಳಿಯುತ್ತೇನೆ. ಬೆಳೆ ಬಂದರೆ ಅವನ ಪಾಲೂ ಬರುತ್ತದೆ.

ಬೇರೆಯವರು ಹೇಗೆ ಮಾಡಿದರೆಂಬದನ್ನು ತಿಳಿಯುವದರಿಂದ ಧೈರ್ಯ ಬರುವದು. ನಮ್ಮ ನೆರೆಯ ಕೇರಳದವರು 2023ರ ಜೂನ್ 5ರಂದು ಕೆ-ಫೋನ್ ಎಂಬ ರಾಜ್ಯದ್ದೇ ಆದ ಜಾಲವನ್ನು ಆರಂಭಿಸಿದರು. ವಿದ್ಯುತ್ ಮಂಡಲಿಯ ಕಂಬಗಳ ಮೇಲೆಯೇ ಎಳೆಯನ್ನು ಸಾಗಿಸಿ, ನೆಲ ತೋಡುವ ವೆಚ್ಚವನ್ನು ಉಳಿಸಿದರು. 20 ಲಕ್ಷ ಬಡ ಕುಟುಂಬಗಳಿಗೆ ಉಚಿತವಾಗಿ ಕೊಡುವ ಸಂಕಲ್ಪವನ್ನು ಮಾಡಿದರು. ಸಂಕಲ್ಪವು ದೊಡ್ಡದು, ನಡಿಗೆಯು ನಿಧಾನ. ಆದರೂ ಬಡವನನ್ನು ಪಟ್ಟಿಯ ಮೊದಲಿಗೆ ಬರೆದದ್ದು ಮೆಚ್ಚತಕ್ಕದ್ದು. ಇಂಗ್ಲಂಡಿನಂತಹ ಸಿರಿವಂತ ದೇಶದಲ್ಲಿಯೂ ಹಳ್ಳಿಗರಿಗೆ ಇದೇ ಪಾಡಾಗಿತ್ತು. ಅಲ್ಲಿಯ ಉತ್ತರಭಾಗದ ಲ್ಯಾಂಕಶೈರದಲ್ಲಿ ದೊಡ್ಡ ಕಂಪನಿಗಳು ಹೊಲಗಳ ನಡುವಿನ ಒಂಟಿ ಮನೆಗಳಿಗೆ ಎಳೆಯನ್ನು ತರಲು ಒಪ್ಪಲಿಲ್ಲ. ಆಗ 2011ರಲ್ಲಿ ಆ ಊರಿನವರೇ ಬಿ-ಫೋರ್-ಆರ್-ಎನ್ ಎಂಬ ಸಹಕಾರದ ಸಂಘವನ್ನು ಕಟ್ಟಿ, ಪಾಲುಗಳನ್ನು ಕೊಂಡು, ಮರುವರ್ಷ ತಾವೇ ಗುದ್ದಲಿ ಹಿಡಿದು ತೋಡಲಿಕ್ಕೆ ಹತ್ತಿದರು. ಹೊಲದ ಒಡೆಯರು ದಾರಿಗಾಗಿ ಒಂದು ಕಾಸನ್ನೂ ತೆಗೆದುಕೊಳ್ಳಲಿಲ್ಲ. ತೋಡಿದ ಕೂಲಿಗೆ ಹಣದ ಬದಲು ಸಂಘದ ಪಾಲನ್ನೇ ಪಡೆದವರಿದ್ದರು. ಆರಂಭದಲ್ಲಿ ತಿಂಗಳಿಗೆ 30 ಪೌಂಡಿಗೆ ಸೆಕೆಂಡಿಗೆ 1,000 ಮೆಗಾಬಿಟ್ ವೇಗವನ್ನು ಅವರು ಕುರಿಯ ದೊಡ್ಡಿಗಳ ನಡುವೆ ಪಡೆದರು. ಆಗ ಆ ದೇಶದ ಎಷ್ಟೋ ನಗರಗಳಲ್ಲಿ ಅದು ಇರಲಿಲ್ಲ. 1905ರಲ್ಲಿಯೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಹಕಾರ ಸಂಘವನ್ನು ಕಟ್ಟಿದ ನಾಡಿಗೆ ಇದು ಅಪರಿಚಿತವಾದ ಮಾರ್ಗವಲ್ಲ.

ಸದ್ಭಕ್ತರೇ, ಎಚ್ಚರಿಕೆಯ ಮಾತೊಂದನ್ನು ಹೇಳದೆ ಹೋದರೆ ನನ್ನ ಕರ್ತವ್ಯವು ಅರ್ಧವಾಗುವದು. ದಾರಿಯಾದರೆ ನೆಂಟರೂ ಬರುತ್ತಾರೆ, ಕಳ್ಳರೂ ಬರುತ್ತಾರೆ. ಬ್ಯಾಂಕಿನವರೆಂದು ಹೇಳಿ ಗುಪ್ತ ಅಂಕಿಗಳನ್ನು ಕೇಳುವವರಿಗೆ ಅವುಗಳನ್ನು ಕೊಡಬೇಡಿರಿ. ಹಣವು ಹೋದುದು ತಿಳಿದ ಕೂಡಲೆ 1930 ಎಂಬ ಸಂಖ್ಯೆಗೆ ಕರೆಮಾಡಿರಿ. ತಡಮಾಡದಿದ್ದರೆ ಹಣವನ್ನು ನಡುದಾರಿಯಲ್ಲಿ ತಡೆಯುವ ಸಂಭವವುಂಟು. ತಾಯಂದಿರಿಗೆ ಇದನ್ನು ವಿಶೇಷವಾಗಿ ತಿಳಿಸಿಕೊಡಬೇಕು. ಅದಕ್ಕೆ ಮೊದಲು ಮೊಬೈಲು ಅವರ ಕೈಗೆ ಬರಬೇಕು. ಅನೇಕ ಮನೆಗಳಲ್ಲಿ ಅದು ಗಂಡಸರ ಕಿಸೆಯನ್ನು ಬಿಟ್ಟಿಳಿದಿಲ್ಲ.

ಕೊನೆಯದಾಗಿ ಎರಡು ಬಿನ್ನಹಗಳಿವೆ. ಮೊದಲನೆಯದು ಶ್ರೀ ಸನ್ನಿಧಿಯವರಲ್ಲಿ. ಶ್ರೀಮಠದ ಹೊಲಗಳಲ್ಲಿ ಎಳೆಯು ಹಾಯಬೇಕಾಗಿ ಬಂದಲ್ಲಿ ಯಾವ ಪರಿಹಾರವನ್ನೂ ಬಯಸದೆ ದಾರಿಯನ್ನು ಬಿಡಬೇಕೆಂದೂ, ಪ್ರಸಾದನಿಲಯದ ಪಕ್ಕದಲ್ಲಿ ತೆರವಾಗಿರುವ ಕೋಣೆಯನ್ನು ಸುತ್ತಲಿನ ಹಳ್ಳಿಗಳ ವಿದ್ಯಾರ್ಥಿಗಳಿಗೂ ನೇಕಾರರಿಗೂ ಸಂಜೆಯ ಹೊತ್ತು ಈ ಕಾರ್ಯಕ್ಕಾಗಿ ಒದಗಿಸಬೇಕೆಂದೂ, ಬೆಳಕು ಹೋದಾಗ ನಿಲ್ಲದಂತೆ ಅಲ್ಲಿ ಒಂದು ಬ್ಯಾಟರಿಯನ್ನು ಇರಿಸಬೇಕೆಂದೂ ಬೇಡಿಕೊಳ್ಳುತ್ತೇನೆ. ಎರಡನೆಯದು ನಿಮ್ಮಲ್ಲಿ. ಗ್ರಾಮಸಭೆಯು ಆರು ತಿಂಗಳಿಗೊಮ್ಮೆಯಾದರೂ ಕೂಡಬೇಕೆಂದು ಕಾಯಿದೆಯಿದೆ. ಪಂಚಾಯತಿಯ ವರ್ಷದ ಯೋಜನೆಯು ಅಲ್ಲಿಯೇ ಸಿದ್ಧವಾಗತಕ್ಕದ್ದು. ಮುಂದಿನ ಸಭೆಗೆ ನೀವೆಲ್ಲರೂ ಹೋಗಿರಿ. ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿರಿ. ನಮ್ಮ ಹಳ್ಳಿಗೂ ಎಳೆ ಬೇಕೆಂದು ಬರೆದುಕೊಡಿರಿ, ಶಾಲೆಯ ಹೆಸರನ್ನೂ ಆರೋಗ್ಯಕೇಂದ್ರದ ಹೆಸರನ್ನೂ ಅದರಲ್ಲಿ ಕಾಣಿಸಿರಿ. ಊರಿನ ಉದ್ಯಮಿ ಯಾರಾಗುವನೆಂಬದನ್ನು ಅಲ್ಲಿಯೇ ಮಾತಾಡಿರಿ. ಆಮೇಲೆ ಕಾರ್ಯದರ್ಶಿಯವರನ್ನು ಮೆಲ್ಲಗೆ ಕೇಳಿರಿ: ಸ್ವಾಮಿ, ಗೋಡೆಯ ಮೇಲಿನ ಆ ಪೆಟ್ಟಿಗೆಯಲ್ಲಿ ದೀಪ ಉರಿಯುತ್ತಿದೆಯೇ? ಉರಿಯದಿದ್ದರೆ ಎಂದಿನಿಂದ ಆರಿದೆ? ಅದರ ಬೀಗದ ಕೈ ಯಾರ ಹತ್ತಿರ ಇದೆ?